ಚೀಟಿಯಕ್ಕ ಸೂಪಕ್ಕ ಆದದ್ದು

ಆಸ್ಪತ್ರೆಯ ಸುತ್ತಮುತ್ತಲಿನವರೆಲ್ಲ ಅವಳನ್ನು ಸೂಪಕ್ಕ ಎಂದು ಕರೆಯುವ ಮೊದಲು, ಅದೇ ಆಸ್ಪತ್ರೆಯ ಒಳಗೆ ಅವಳು ಚೀಟಿಯಕ್ಕ ಆಗಿದ್ದಳು. ಹೊರರೋಗಿಗಳ ವಿಭಾಗದ ಎರಡನೇ ಕಿಟಕಿಯ ಹಿಂದೆ ಕುಳಿತು, ಬಂದವರ ವಯಸ್ಸು ಕೇಳಿ, ಏನು ತೊಂದರೆ ಎಂದು ಕೇಳಿ, ಸಂಖ್ಯೆ ಬರೆದ ಚೀಟಿ ಹರಿದು ಕೊಡುವುದು ಅವಳ ಕೆಲಸ. ಒಂಬತ್ತು ವರ್ಷ ಹಾಗೆ ಚೀಟಿ ಹರಿದಳು. ಆಮೇಲೊಂದು ದಿನ ಬಾಗಿಲ ಬಳಿ ಆಳೆತ್ತರದ ಯಂತ್ರ ಬಂದು ನಿಂತಿತು. ಗುಂಡಿ ಒತ್ತಿದರೆ ಸಾಕು, ಚೀಟಿಯನ್ನು ನಾಲಿಗೆಯಂತೆ ಹೊರಗೆ ಚಾಚುತ್ತಿತ್ತು. ಆ ತಿಂಗಳ ಕೊನೆಗೆ ಮೇಲ್ವಿಚಾರಕರು ಅವಳನ್ನು ಕರೆದು, ಗುತ್ತಿಗೆ ಮುಂದುವರಿಯುವುದಿಲ್ಲ ಎಂದು ಮೆತ್ತಗೆ ಹೇಳಿ, ಒಳ್ಳೆಯ ಕೆಲಸಗಾರ್ತಿ ಎಂದು ಬರೆದ ಒಂದು ಕಾಗದ ಕೊಟ್ಟರು. ಅವಳು ಅದನ್ನು ನಾಲ್ಕಾಗಿ ಮಡಚಿ ಊಟದ ಡಬ್ಬಿಯ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದಳು.

ಮನೆಯಲ್ಲಿ ಅವಳನ್ನು ಸೇರಿಸಿ ನಾಲ್ಕು ಜನ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಎಂಜಿನ್ ಸದ್ದು ಮಾಡಿದರೆ ಕಿವಿಗೊಟ್ಟು ಕೇಳುವ ಮನುಷ್ಯ, ಮನೆಯವರು ಸದ್ದು ಮಾಡಿದರೆ ಮಾತ್ರ ಕಿಟಕಿಯ ಕಡೆ ತಿರುಗುತ್ತಿದ್ದ. ಹಾಗೆ ತಿರುಗಲು ಅವನಿಗೆ ಕಾರಣವೂ ಇತ್ತು. ಅವನ ತಾಯಿ ಮತ್ತು ಅವಳ ತಾಯಿ, ಇಬ್ಬರು ಬೀಗಿತ್ತಿಯರೂ, ನಾಲ್ಕು ವರ್ಷದಿಂದ ಅದೇ ಮನೆಯಲ್ಲಿ ಅದೇ ಒಲೆಯ ಮುಂದೆ ಇದ್ದರು.

ಅತ್ತೆ ಮೂವತ್ತು ವರ್ಷ ಒಂದು ವಿದ್ಯಾರ್ಥಿನಿಲಯದಲ್ಲಿ ಅಡುಗೆ ಮಾಡಿದವರು. ಆಳು ದೊಡ್ಡದು, ದನಿ ಅದಕ್ಕಿಂತ ದೊಡ್ಡದು. ಮುನ್ನೂರು ಮಕ್ಕಳಿಗೆ ಬೇಯಿಸಿ ಅಭ್ಯಾಸವಾಗಿದ್ದ ಕೈಗೆ ನಾಲ್ಕು ಜನರ ಅಡುಗೆ ಎಂದರೆ ಗೊಂಬೆಯಾಟ. ಅಮ್ಮ ಕಡ್ಡಿಯಂಥ ಮನುಷ್ಯಳು. ಮನೆಯಲ್ಲೇ ಬಟ್ಟೆ ಹೊಲಿಯುತ್ತಾ, ಹಾಸಿಗೆ ಹಿಡಿದ ಗಂಡನನ್ನು ಏಳು ವರ್ಷ ನೋಡಿಕೊಂಡವಳು. ಅವಳ ಅಡುಗೆಯೆಲ್ಲ ಒಂದು ಬಟ್ಟಲಿನ ಅಳತೆಯದು, ಒಬ್ಬನೇ ರೋಗಿಯ ಗಂಟಲಿಗೆ ಒಪ್ಪುವಂಥದು. ಅತ್ತೆಯ ಅಡುಗೆಗೆ ಉಪ್ಪು ಜಾಸ್ತಿ ಎಂದು ಅಮ್ಮ, ಅಮ್ಮನ ಅಡುಗೆ ತೊಳೆದ ನೀರಿನ ಹಾಗಿದೆ ಎಂದು ಅತ್ತೆ. ಒಂದೇ ಒರೆಯಲ್ಲಿ ಎರಡು ಕತ್ತಿ. ಇವರ ನಡುವೆ ನುಗ್ಗುವ ಧೈರ್ಯವಿಲ್ಲದೆ ಅವಳು ಆ ನಾಲ್ಕು ವರ್ಷದಲ್ಲಿ ಒಮ್ಮೆಯೂ ಸೌಟು ಮುಟ್ಟಿರಲಿಲ್ಲ. ಅದಕ್ಕೆ ಮೊದಲೂ ಅಡುಗೆ ಅವಳ ಕೈಗೆ ಹತ್ತಿರಲಿಲ್ಲ.

ಕೆಲಸ ಹೋಗಿ ಎರಡು ವಾರ ಅವಳು ಬೇರೆ ಕೆಲಸಕ್ಕೆ ಅಲೆದಳು. ಎಲ್ಲ ಕಡೆಯೂ ಯಂತ್ರಗಳು ಅವಳಿಗಿಂತ ಮೊದಲೇ ಹೋಗಿ ಕುಳಿತಿದ್ದವು. ಹಾಗೆ ಅಲೆಯುವಾಗಲೇ ಒಂದು ವಿಷಯ ಅವಳ ತಲೆಯಲ್ಲಿ ಕೊರೆಯತೊಡಗಿತು. ರಕ್ತ ಪರೀಕ್ಷೆಗೆ ಬರುವವರು ಹಿಂದಿನ ಸಂಜೆಯಿಂದ ಏನೂ ತಿಂದಿರಬಾರದು. ಬೆಳಿಗ್ಗೆ ಆರಕ್ಕೆ ಬಂದು ಸಾಲು ನಿಂತು, ಒಂಬತ್ತರ ಹೊತ್ತಿಗೆ ರಕ್ತ ಕೊಟ್ಟು, ತೋಳು ಮಡಚಿ ಹತ್ತಿ ಒತ್ತಿಕೊಂಡು ಹೊರಗೆ ಬಂದರೆ, ಎದುರಿಗೆ ಎರಡು ಔಷಧಿ ಅಂಗಡಿ, ಒಂದು ಕನ್ನಡಕದ ಅಂಗಡಿ, ಒಂದು ಜೆರಾಕ್ಸ್ ಅಂಗಡಿ. ಬಾಯಿಗೆ ಹಾಕಿಕೊಳ್ಳಲು ಏನೂ ಇಲ್ಲ. ಒಳಗಿನ ಕ್ಯಾಂಟೀನಿನ ಬಾಗಿಲು ತೆರೆಯುವುದು ಹತ್ತಕ್ಕೆ. ಒಮ್ಮೆ ಹೀಗೆ ರಕ್ತ ಕೊಟ್ಟು ಬಂದ ಒಬ್ಬ ಮುದುಕ ಅವಳ ಕಿಟಕಿಯ ಮುಂದೆಯೇ ಕುಸಿದು ಕುಳಿತಾಗ, ಅಮ್ಮ ಕಟ್ಟಿಕೊಟ್ಟಿದ್ದ ಕ್ಯಾರೆಟ್ ಸೂಪನ್ನು ಅವಳು ಡಬ್ಬಿಯ ಮುಚ್ಚಳದಲ್ಲೇ ಕುಡಿಸಿದ್ದಳು. ಎರಡೇ ನಿಮಿಷದಲ್ಲಿ ಅವನ ಮುಖಕ್ಕೆ ಬಣ್ಣ ಬಂದದ್ದನ್ನು ಅವಳು ಮರೆತಿರಲಿಲ್ಲ.

ಊಟದ ಹೊತ್ತಿನಲ್ಲಿ ಅವಳು ವಿಷಯ ತೆಗೆದಳು. ಆಸ್ಪತ್ರೆಯ ಬಾಗಿಲಲ್ಲಿ ಬಿಸಿ ಸೂಪು, ಜೊತೆಗೆ ಸುಟ್ಟ ಬ್ರೆಡ್ಡು ಮಾರಿದರೆ ಹೇಗೆ ಎಂದು. ಅತ್ತೆ ಆಗಲೇ ಅಟ್ಟದ ಮೇಲಿನ ದೊಡ್ಡ ಪಾತ್ರೆ ಇಳಿಸಬೇಕು ಎಂದರು. ಅಮ್ಮ ಪಾತ್ರೆ ಆಮೇಲಾಯಿತು, ಮೊದಲು ಜಾಲರಿ ಬೇಕು ಎಂದಳು. ಗಂಡ ಮಾತ್ರ ತಟ್ಟೆಯಿಂದ ತಲೆಯೆತ್ತಲಿಲ್ಲ. ಎರಡು ದಿನ ಬಿಟ್ಟು ಡಿಪೋದಿಂದ ಬರುವಾಗ ಹಳೆಯ ಕಬ್ಬಿಣದ ಪಟ್ಟಿಗಳಿಂದ ಬೆಸೆದ ಒಂದು ಗಾಡಿಮೇಜು ತಂದು ಅಂಗಳದಲ್ಲಿ ನಿಲ್ಲಿಸಿದ. ಕೆಳಗೆ ಒಲೆಗೆ ಜಾಗ, ಪಕ್ಕದಲ್ಲಿ ಲೋಟಗಳಿಗೆ ಗೂಡು, ನಾಲ್ಕು ಚಕ್ರ. ಚಕ್ರ ಕಿರ್ ಎನ್ನುವುದಿಲ್ಲ ಎಂಬುದನ್ನು ಉರುಳಿಸಿ ತೋರಿಸಿ ಕೈ ತೊಳೆಯಲು ಹೋದ.

ಜೆರಾಕ್ಸ್ ಅಂಗಡಿಯವರು ತಮ್ಮ ಅಂಗಡಿಯ ಪಕ್ಕದ ಗೋಡೆಯ ಬಳಿ ನಿಲ್ಲಿಸಿಕೊಳ್ಳಲು ಒಪ್ಪಿದರು. ಕಾಗದದ ಮೇಲೆ ಒಂದು ಹನಿ ಸಿಡಿಯಬಾರದು ಅನ್ನುವುದೊಂದೇ ಷರತ್ತು. ಮೊದಲ ದಿನ ಅಮ್ಮನ ಸೂಪು ಒಯ್ದಳು: ಕ್ಯಾರೆಟ್ಟು, ಈರುಳ್ಳಿ, ಮೂರು ಸಲ ಸೋಸಿದ್ದು, ಮೆಣಸು ಇದೆಯೋ ಇಲ್ಲವೋ ಎಂಬಷ್ಟು. ಹನ್ನೊಂದು ಲೋಟ ಹೋಯಿತು, ಉಳಿದದ್ದನ್ನು ಮನೆಯವರೇ ಕುಡಿದರು. ಮರುದಿನ ಅತ್ತೆ ಪಟ್ಟು ಹಿಡಿದು ತಮ್ಮದನ್ನು ಕಳುಹಿಸಿದರು: ಬೇಳೆ, ಕುಂಬಳಕಾಯಿ, ಆಲೂಗೆಡ್ಡೆ, ಸೌಟು ನಿಲ್ಲಿಸಿದರೆ ನಿಲ್ಲುವಷ್ಟು ಗಟ್ಟಿ, ಕಿವಿಯವರೆಗೆ ಏರುವ ಮೆಣಸು. ಅದನ್ನು ರೋಗಿಗಳಿಗಿಂತ ರೋಗಿಗಳ ಜೊತೆ ಬಂದವರು, ವಾರ್ಡಿನ ಆಯಾಗಳು, ಆಂಬುಲೆನ್ಸ್ ಚಾಲಕರು ಹುಡುಕಿಕೊಂಡು ಬಂದು ಕುಡಿದರು.

ಹೀಗೆ ಒಂದು ದಿನ ಒಬ್ಬರದು, ಮರುದಿನ ಇನ್ನೊಬ್ಬರದು ಎಂದಾಯಿತು. ತಿಂಗಳೊಳಗೆ ಜನ ಗಾಡಿಯ ಹತ್ತಿರ ಬಂದವರೇ, ಇವತ್ತು ಸಣ್ಣಮ್ಮನ ಪಾಳಿಯೋ ದೊಡ್ಡಮ್ಮನ ಪಾಳಿಯೋ ಎಂದು ಕೇಳುವಷ್ಟಾಯಿತು. ಅವಳ ಹೆಸರು ಯಾರಿಗೂ ಬೇಕಾಗಲಿಲ್ಲ, ಸೂಪಕ್ಕ ಅಂದರೆ ಸಾಕಿತ್ತು. ಮನೆಗೆ ಹೋದರೆ ಇಬ್ಬರೂ ಬಾಗಿಲಲ್ಲೇ ಪಾತ್ರೆಯ ಮುಚ್ಚಳ ತೆಗೆದು ತಳ ನೋಡುವರು. ತಳ ಕಂಡವರು ಆ ಸಂಜೆಯೆಲ್ಲ ಹಾಡು ಗುನುಗುವರು. ತಳ ಕಾಣದವರು ಇವತ್ತು ಚಳಿ ಕಡಿಮೆ ಇತ್ತು ಎನ್ನುವರು.

ಒಂದು ವರ್ಷ ಕಳೆಯುವಷ್ಟರಲ್ಲಿ ಕನ್ನಡಕದ ಅಂಗಡಿಯ ಹಿಂದಿನ ಖಾಲಿ ಕೋಣೆ ಬಾಡಿಗೆಗೆ ಸಿಕ್ಕಿತು. ಆರು ಬೆಂಚು, ಎರಡು ಒಲೆ, ಕಾಲಿನಿಂದ ಒತ್ತಿದರೆ ನೀರು ಬರುವ ಕೈತೊಟ್ಟಿ. ಆರೋಗ್ಯ ಇಲಾಖೆಯ ಅಧಿಕಾರಿ ಬಂದು ಮೂಲೆ ಮೂಲೆ ನೋಡಿ, ಪಾತ್ರೆಗಳು ನೆಲದಿಂದ ಗೇಣೆತ್ತರದಲ್ಲಿರಬೇಕು, ಅಡುಗೆಯವರು ತಲೆಗೆ ಟೊಪ್ಪಿ ಹಾಕಬೇಕು ಎಂದು ಬರೆದುಕೊಟ್ಟು ಹೋದರು. ಅಮ್ಮ ಅಂದೇ ಬಿಳಿ ಬಟ್ಟೆಯಲ್ಲಿ ಮೂರು ಟೊಪ್ಪಿ ಹೊಲಿದಳು. ಈ ವಯಸ್ಸಿನಲ್ಲಿ ನನಗೆ ಕೂಸಿನ ಕುಲಾವಿ ಯಾಕೆ ಎಂದು ಮೂಗು ಮುರಿದ ಅತ್ತೆ, ಕನ್ನಡಿಯಲ್ಲಿ ನೋಡಿಕೊಂಡ ಮೇಲೆ ಅದನ್ನು ಮನೆಗೆ ಬರುವಾಗಲೂ ತೆಗೆಯುತ್ತಿರಲಿಲ್ಲ.

ಆಸ್ಪತ್ರೆಯ ಆಹಾರತಜ್ಞೆ ದಿನವೂ ಹನ್ನೊಂದಕ್ಕೆ ಬಂದು ಮೂಲೆಯ ಬೆಂಚಿನಲ್ಲಿ ಕುಳಿತು ಒಂದು ಲೋಟ ಕುಡಿದು ಹೋಗುತ್ತಿದ್ದಳು. ಮಿತವಾಗಿ ಮಾತಾಡುವ, ಸದಾ ಪೆನ್ನಿನ ಮುಚ್ಚಳ ಕಚ್ಚುವ ಹೆಂಗಸು. ಒಂದು ದಿನ ಲೋಟ ಕೆಳಗಿಟ್ಟವಳು ಎದ್ದು ಹೋಗಲಿಲ್ಲ. ಶಸ್ತ್ರಚಿಕಿತ್ಸೆ ಆದವರ ವಾರ್ಡುಗಳಿಗೆ ಬೆಳಿಗ್ಗೆ ಸಂಜೆ ಸೂಪು ಬೇಕು, ಈಗ ಕೊಡುತ್ತಿರುವುದನ್ನು ಯಾರೂ ಪೂರ್ತಿ ಕುಡಿಯುತ್ತಿಲ್ಲ ಎಂದಳು. ಒಂದು ಹೊತ್ತಿಗೆ ನೂರ ಇಪ್ಪತ್ತು ಲೋಟ. ಆದರೆ ಪಾಳಿ ಗೀಳಿ ನಡೆಯುವುದಿಲ್ಲ. ದಿನವೂ ಒಂದೇ ರುಚಿ, ಉಪ್ಪು ತೂಕ ಮಾಡಿ ಹಾಕಿದ್ದು, ಮಾಡುವ ವಿಧಾನ ಕಾಗದದ ಮೇಲೆ. ಇನ್ನು ಹತ್ತು ದಿನಕ್ಕೆ ರುಚಿ ನೋಡಲು ಸಮಿತಿ ಕೂರುತ್ತದೆ, ಅಂದಿನ ಪಾತ್ರೆಯನ್ನು ಪೂರ್ತಿ ನೂರ ಇಪ್ಪತ್ತು ಲೋಟಕ್ಕೇ ಮಾಡಿ ತರಬೇಕು.

ರೋಗಿಗಳಿಗೆ ಎಂದಮೇಲೆ ಅಮ್ಮನ ಸೂಪೇ ಸರಿ ಎಂದು ಸೂಪಕ್ಕ ನಿರ್ಧರಿಸಿದಳು. ಅತ್ತೆ ಬೆಂಚಿನ ಮೇಲೆ ಕೈ ಕಟ್ಟಿ ಕುಳಿತರು. ಅತ್ತೆ ಕೂಗಾಡಿದರೆ ಭಯವಿರಲಿಲ್ಲ, ಸುಮ್ಮನಿದ್ದರೆ ಮನೆಯೇ ನಡುಗುತ್ತಿತ್ತು. ಅಮ್ಮ ಒಂದು ಬಟ್ಟಲಿಗೆ ಹಾಕುವುದನ್ನೆಲ್ಲ ನೂರ ಇಪ್ಪತ್ತರಿಂದ ಗುಣಿಸಿ ದೊಡ್ಡ ಪಾತ್ರೆಗೆ ಸುರಿದಳು. ಆದದ್ದು ಸೂಪಲ್ಲ. ಮೇಲೆ ನೀರು, ಕೆಳಗೆ ಗಸಿ, ನಡುವೆ ಹಸಿ ಈರುಳ್ಳಿಯ ವಾಸನೆ. ಮರುದಿನವೂ ಹಾಗೇ. ಮೂರನೆಯ ದಿನ ಅತ್ತೆ ಕುಳಿತಲ್ಲಿಂದಲೇ, ಮುನ್ನೂರು ಜನಕ್ಕೆ ಬೇಯಿಸಿದವಳು ಇಲ್ಲೇ ಕೂತಿದ್ದಾಳೆ, ಕೇಳುವವರಿಲ್ಲ ಎಂದರು. ಕೇಳಿದರೆ ನೀವು ಹಿಡಿ ಉಪ್ಪು ಸುರಿಯುತ್ತೀರಿ ಎಂದಳು ಅಮ್ಮ. ಅಲ್ಲಿಂದ ಮಾತಿಗೆ ಮಾತು ಬೆಳೆದು, ಹಳೆಯದೆಲ್ಲ ಎದ್ದು, ಹೊರಗೆ ಬೆಂಚಿನಲ್ಲಿದ್ದವರು ಲೋಟ ಹಿಡಿದುಕೊಂಡೇ ಇಣುಕುವಂತಾಯಿತು.

ಸೂಪಕ್ಕನಿಗೆ ಮೂರು ದಿನದ ಆಯಾಸ ಒಟ್ಟಿಗೇ ತಲೆಗೇರಿತು.

"ಇಬ್ಬರೂ ಆಚೆ ಹೋಗಿ," ಎಂದಳು. "ಇದು ನನ್ನ ಅಂಗಡಿ. ನೀವು ಜಗಳ ಆಡೋಕೆ ಕಟ್ಟಿಸಿದ ಜಗಲಿ ಅಲ್ಲ."

ಇಬ್ಬರೂ ಟೊಪ್ಪಿ ತೆಗೆದು ಮೊಳೆಗೆ ಸಿಕ್ಕಿಸಿ ಹೊರಟುಹೋದರು. ಅಂದು ಸಂಜೆ ಮನೆಯಲ್ಲಿ ಬೀಗಿತ್ತಿಯರ ಬಾಯಿಗೆ ಬೀಗ. ಐದು ವರ್ಷದಿಂದ ಗಲಾಟೆಗೆ ಹೊಂದಿಕೊಂಡಿದ್ದ ಮೆಕ್ಯಾನಿಕ್ಕಿಗೆ ಆ ಮೌನದಲ್ಲಿ ಊಟ ಸೇರಲಿಲ್ಲ. ಎಂಜಿನ್ ಒಮ್ಮೆಲೇ ನಿಂತರೆ ಅದು ಒಳ್ಳೆಯ ಲಕ್ಷಣ ಅಲ್ಲ ಎಂದು ಹೆಂಡತಿಗೆ ಹೇಳಿ ಎದ್ದ. ಅಷ್ಟು ಉದ್ದದ ಮಾತನ್ನು ಅವನು ಆಡಿ ಎಷ್ಟೋ ದಿನವಾಗಿತ್ತು.

ಮರುದಿನ ಅವಳು ಒಬ್ಬಳೇ ಅಂಗಡಿ ತೆರೆದಳು. ಮಾಡಲು ಬಾರದೆ ಬರೀ ಬ್ರೆಡ್ಡು ಸುಟ್ಟು ಕೊಟ್ಟಳು, ಅದೂ ಎರಡು ಸಲ ಸೀದುಹೋಯಿತು. ಬಂದವರು ಪಾಪ ಎಂದುಕೊಂಡು ತಿಂದರು. ಮಧ್ಯಾಹ್ನವೇ ಬಾಗಿಲು ಹಾಕಿ ಮನೆಯ ಕಡೆ ನಡೆದಳು. ಗೇಟಿನ ಹತ್ತಿರ ಬಂದಾಗ ಮೆಟ್ಟಿಲ ಮೇಲೆ ಅಮ್ಮ ಕಂಡಳು, ಒಳ್ಳೆಯ ಸೀರೆ ಉಟ್ಟುಕೊಂಡು, ಚಪ್ಪಲಿ ಹಾಕಿಕೊಂಡು. ದೊಡ್ಡ ಮಗನ ಮನೆಗೆ ಹೊರಟಿದ್ದಳು, ನಾಲ್ಕು ಗಂಟೆಯ ಬಸ್ಸಿಗೆ. ಆದರೆ ಹೋಗುವ ಹಾಗಿರಲಿಲ್ಲ. ಅವಳ ಬಟ್ಟೆಯ ಚೀಲದ ಮೇಲೆ ಅತ್ತೆ ಕುಳಿತಿದ್ದರು.

"ಏಳಿ ಬೀಗಿತ್ತಿಯವರೇ," ಅಮ್ಮ ಹೇಳುತ್ತಿದ್ದಳು. "ಒಳಗೆ ನನ್ನ ಕನ್ನಡಕ ಇದೆ."

"ಇರಲಿ. ಕನ್ನಡಕ ಮುರಿದ್ರೆ ಹೋಗೋ ದಾರಿ ಕಾಣಲ್ಲ, ಒಳ್ಳೇದೇ ಆಯ್ತು."

"ಮಗಳ ಅಂಗಡಿ ನನ್ನಿಂದ ಹಾಳಾಗಬಾರದು. ನಾನಿಲ್ಲ ಅಂದ್ರೆ ನೀವೊಬ್ಬರೇ ಚೆನ್ನಾಗಿ ನಡೆಸ್ತೀರಿ."

ಅತ್ತೆ ಚೀಲದ ಹಿಡಿಕೆಯನ್ನು ಕೈಗೆ ಸುತ್ತಿಕೊಂಡರು. ಆಮೇಲೆ ಅವರ ದೊಡ್ಡ ದನಿ ಸಣ್ಣದಾಗಿ ಬಂತು.

"ಮೂವತ್ತು ವರ್ಷ ಬಡಿಸಿದ್ದೀನಿ ನಾನು. ಒಂದು ದಿನವೂ ಯಾರೂ ಇದು ಚೆನ್ನಾಗಿದೆ ಅನ್ನಲಿಲ್ಲ, ಚೆನ್ನಾಗಿಲ್ಲ ಅಂತಲೂ ಅನ್ನಲಿಲ್ಲ. ಗಂಟೆ ಹೊಡೀತು, ಬಂದ್ರು, ತಿಂದ್ರು, ಹೋದ್ರು. ನಾನು ಮಾಡಿದ್ದನ್ನ ನಾಲಿಗೆ ಮೇಲೆ ಇಟ್ಕೊಂಡು, ಯೋಚನೆ ಮಾಡಿ, ಉಪ್ಪು ಜಾಸ್ತಿ ಅಂತ ಹೇಳಿದವರು ನೀವೊಬ್ಬರೇ. ಮೊದಲ ಸಲ ಹೇಳಿದಾಗ ಅಡುಗೆಮನೆ ಬಾಗಿಲು ಹಾಕ್ಕೊಂಡು ಅತ್ತುಬಿಟ್ಟೆ. ಸಿಟ್ಟಿಗೆ ಅಲ್ಲ."

ಗೇಟಿನಾಚೆ ನಿಂತಿದ್ದ ಸೂಪಕ್ಕನ ಕೈ ಚಿಲಕದ ಮೇಲೇ ಉಳಿಯಿತು. ಅಮ್ಮ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು. ಕೊನೆಗೆ ಚೀಲದ ಅಂಚಿನಲ್ಲಿ, ಅತ್ತೆಯ ಪಕ್ಕದಲ್ಲಿ, ಉಳಿದಿದ್ದ ಒಂದು ಗೇಣು ಜಾಗದಲ್ಲಿ ತಾನೂ ಕುಳಿತಳು.

"ಉಪ್ಪು ಜಾಸ್ತಿ ಅನ್ನೋದು ನಿಜಾನೇ," ಎಂದಳು.

"ಗೊತ್ತು," ಎಂದರು ಅತ್ತೆ.

ಸೂಪಕ್ಕ ಒಳಗೆ ಬಂದು ಅವರ ಕಾಲ ಬಳಿಯ ಮೆಟ್ಟಿಲ ಮೇಲೆ ಕುಳಿತಳು. ತಪ್ಪಾಯಿತು ಎನ್ನಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ಬಾಯಿಗೆ ಬಂದದ್ದು ಬೇರೆ.

"ನಂಗೆ ಅಡುಗೆ ಬರಲ್ಲ, ಅತ್ತೆ. ಅಮ್ಮ, ನಂಗೆ ಬರಲ್ಲ. ನೀವು ಮಾಡಿಕೊಟ್ಟಿದ್ದನ್ನ ಲೋಟಕ್ಕೆ ಹಾಕಿ ಕೊಟ್ಟು ನನ್ನ ಅಂಗಡಿ ಅಂತಿದ್ದೆ. ಹೇಳಿಕೊಡಿ ನಂಗೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ನಲವತ್ತು ವರ್ಷದ ಹೆಂಗಸು ಈರುಳ್ಳಿ ಹೆಚ್ಚುವುದನ್ನು ಈಗ ಕಲಿಯಬೇಕು ಎನ್ನುವುದರಲ್ಲಿ ಇಬ್ಬರಿಗೂ ಒಮ್ಮತವಿತ್ತು. ನಾಲ್ಕು ಗಂಟೆಯ ಬಸ್ಸು ಬೀದಿಯ ತುದಿಯಲ್ಲಿ ಹಾರ್ನ್ ಹಾಕಿಕೊಂಡು ಹೋಯಿತು. ಯಾರೂ ಆ ಕಡೆ ತಿರುಗಲಿಲ್ಲ.

ಉಳಿದದ್ದು ಆರು ದಿನ. ಸೂಪಕ್ಕ ತೂಕದ ಯಂತ್ರ ಮುಂದಿಟ್ಟುಕೊಂಡು ಅಮ್ಮನ ಪಕ್ಕ ನಿಂತಳು. ಅಮ್ಮ ಪಾತ್ರೆಗೆ ಹಾಕಲು ಎತ್ತಿದ್ದನ್ನೆಲ್ಲ ಗಾಳಿಯಲ್ಲೇ ತಡೆದು ತೂಗಿದಳು. ಚಿಟಿಕೆ ಎಂದರೆ ಎಷ್ಟು, ಚೂರು ಎಂದರೆ ಎಷ್ಟು, ಸಾಕಾಗುವಷ್ಟು ಎಂದರೆ ಎಷ್ಟು. ಅಮ್ಮನ ಉಪ್ಪಿನ ಚಿಟಿಕೆಯನ್ನು ಐದು ಸಲ ತೂಗಿದರೂ ಮುಳ್ಳು ಒಂದೇ ಕಡೆ ನಿಂತಿತು. ಅತ್ತೆ ಕಣ್ಣು ಕಿರಿದು ಮಾಡಿ ನೋಡಿ, ಇನ್ನೊಂದು ಸಲ ತೂಗಿಸಿದರು. ಆಗಲೂ ಅಷ್ಟೇ. ಬಟ್ಟೆ ಅಳೆದ ಕೈ ಅಲ್ಲವೇ ಎಂದು ತಮಗೆ ತಾವೇ ಎಂಬಂತೆ ಹೇಳಿಕೊಂಡರು.

ಆಮೇಲೆ ಅತ್ತೆಯ ಪಾಠ. ದೊಡ್ಡ ಪಾತ್ರೆ ಎಂದರೆ ನೂರ ಇಪ್ಪತ್ತು ಸಣ್ಣ ಪಾತ್ರೆ ಅಲ್ಲ, ಅದು ಬೇರೆಯೇ ಪ್ರಾಣಿ ಎಂದರು. ಈರುಳ್ಳಿಯನ್ನು ಒಟ್ಟಿಗೆ ಸುರಿದರೆ ಹುರಿಯುವುದಿಲ್ಲ, ಬೆವರುತ್ತದೆ. ಅದಕ್ಕೇ ಹಸಿ ವಾಸನೆ. ಐದು ಕಂತಿನಲ್ಲಿ ಹುರಿಯಬೇಕು. ದೊಡ್ಡ ಪಾತ್ರೆಯಲ್ಲಿ ನೀರು ಅಷ್ಟು ಬೇಗ ಇಂಗುವುದಿಲ್ಲ, ಆದ್ದರಿಂದ ಲೆಕ್ಕಕ್ಕಿಂತ ಕಡಿಮೆ ಹಾಕಬೇಕು. ಮೆಣಸನ್ನು ಗುಣಿಸಲೇಬಾರದು. ಸೋಸಲು ಜಾಲರಿ ಸಾಲದು, ಬಟ್ಟೆಯೇ ಆಗಬೇಕು. ಅದಕ್ಕೆ ಅಮ್ಮ ಒಂದು ಹಳೆಯ ಮೆತ್ತನೆಯ ಬಟ್ಟೆಯನ್ನು ಕುದಿಸಿ ಒಣಗಿಸಿ, ನಾಲ್ಕು ಮೂಲೆಗೂ ಹಿಡಿಕೆ ಹೊಲಿದಳು. ಅತ್ತೆ ಎರಡು ಮೂಲೆ, ಅಮ್ಮ ಎರಡು ಮೂಲೆ ಹಿಡಿದು ನಿಂತರೆ, ಸೂಪಕ್ಕ ಸೌಟಿನಿಂದ ಸುರಿಯುವಳು. ಬಿಗಿಯಾಗಿ ಹಿಡಿಯಿರಿ ಎಂದು ಒಬ್ಬರು, ನೀವು ಮೊದಲು ತಗ್ಗಿಸಿ ಎಂದು ಇನ್ನೊಬ್ಬರು. ಜಗಳ ನಿಂತಿರಲಿಲ್ಲ. ಬಟ್ಟೆ ಮಾತ್ರ ಯಾರ ಕೈಯಿಂದಲೂ ಜಾರಲಿಲ್ಲ.

ಸೂಪಕ್ಕ ಎಲ್ಲವನ್ನೂ ಬರೆದಳು. ಒಂಬತ್ತು ವರ್ಷ ಚೀಟಿ ಬರೆದ ಕೈ, ಅಕ್ಷರ ಮುತ್ತಿನಂತಿತ್ತು.

ಸಮಿತಿಯಲ್ಲಿ ಆಹಾರತಜ್ಞೆ, ಒಬ್ಬ ಹಿರಿಯ ವೈದ್ಯರು, ಉಗ್ರಾಣದ ಮುಖ್ಯಸ್ಥರು. ಮೂವರೂ ಕುಡಿದರು. ವೈದ್ಯರು ಬರೆದ ಹಾಳೆಗಳನ್ನು ತಿರುಗಿಸಿ ನೋಡಿ, ಇದನ್ನು ಓದಿ ನಾನೂ ಮಾಡಬಹುದು ಎಂದರು. ಉಗ್ರಾಣದವರು ಮಾತ್ರ, ಇಷ್ಟು ಸಣ್ಣ ಅಂಗಡಿ ದಿನವೂ ತಪ್ಪದೆ ಕೊಡುತ್ತದೆ ಎಂದು ಹೇಗೆ ನಂಬುವುದು ಎಂದು ತಲೆಯಾಡಿಸಿದರು. ಕೊನೆಗೆ ಸಿಕ್ಕಿದ್ದು ಒಂದೇ ವಾರ್ಡು, ಹೊತ್ತಿಗೆ ನಲವತ್ತು ಲೋಟ, ಮೂರು ತಿಂಗಳ ಮಟ್ಟಿಗೆ.

ಅವಳು ಸಪ್ಪೆ ಮುಖ ಹಾಕಿಕೊಂಡು ಅಂಗಡಿಗೆ ಬಂದು ಹೇಳಿದಳು. ನಲವತ್ತು ಜನ ಎಂದರೆ ಹಾಸ್ಟೆಲಿನಲ್ಲಿ ಬರೀ ನೆಗಡಿಯವರೇ ಇರುತ್ತಿದ್ದರು, ಅದಕ್ಕೆ ಹೆದರುವುದೇನು ಎಂದರು ಅತ್ತೆ. ಮೊದಲು ನಲವತ್ತು ಜನರ ಹೊಟ್ಟೆಗೆ ಒಗ್ಗಲಿ, ಆಮೇಲೆ ಮುಂದಿನದು ಎಂದಳು ಅಮ್ಮ. ಇಬ್ಬರೂ ಹೇಳಿದ್ದು ಒಂದೇ ಎಂದು ಅವರಿಗೆ ಹೊಳೆದ ಹಾಗೆ ಕಾಣಲಿಲ್ಲ.

ಮೊದಲ ದಿನ ಸೂಪಕ್ಕ ತಾನೇ ಗಾಡಿ ತಳ್ಳಿಕೊಂಡು ವಾರ್ಡಿಗೆ ಹೋದಳು. ಹಸಿರು ಪರದೆಗಳು, ಔಷಧಿಯ ವಾಸನೆ, ಮಂಚದ ಕೆಳಗೆ ಸಾಲಾಗಿ ಚಪ್ಪಲಿ. ಮೂಲೆಯ ಮಂಚದಲ್ಲಿ ಒಬ್ಬ ಹೆಂಗಸು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಎರಡು ದಿನದಿಂದ ಏನೂ ಮುಟ್ಟಿಲ್ಲ, ಅಲ್ಲಿಟ್ಟು ಹೋಗಿ ಎಂದಳು ದಾದಿ. ಸೂಪಕ್ಕ ಲೋಟ ಇಟ್ಟಳು, ಹೋಗಲಿಲ್ಲ. ಬೇರೆಯವರಿಗೆ ಕೊಡುತ್ತಾ ಕೊಡುತ್ತಾ ಓರೆಗಣ್ಣಿನಿಂದ ಆ ಕಡೆ ನೋಡುತ್ತಿದ್ದಳು. ಲೋಟದ ಹಬೆ ಗೋಡೆಯ ಕಡೆ ಸರಿಯಿತು. ಸ್ವಲ್ಪ ಹೊತ್ತಿಗೆ ಆ ಹೆಂಗಸು ಮಗ್ಗುಲಾದಳು, ಮೊಣಕೈಯೂರಿ ಎದ್ದಳು, ಎರಡೂ ಕೈಯಲ್ಲಿ ಲೋಟ ಹಿಡಿದು ಬೆಚ್ಚಗೆ ಮಾಡಿಕೊಂಡಳು, ಆಮೇಲೆ ಕುಡಿದಳು. ಕುಡಿದು, ಇದನ್ನು ಮಾಡಿದ್ದು ಯಾರು ಎಂದು ಕೇಳಿದಳು.

ನಮ್ಮ ಮನೆಯವರು ಎಂದಳು ಸೂಪಕ್ಕ. ಹೇಳಿ ಖಾಲಿ ಲೋಟ ತೆಗೆದುಕೊಂಡಳು.

ಅಂಗಡಿಗೆ ವಾಪಸ್ಸು ಬರುವಾಗ ಇಬ್ಬರೂ ಬೆಂಚು ಬಿಟ್ಟು ಬಾಗಿಲಿಗೆ ಬಂದು ನಿಂತಿದ್ದರು. ಅತ್ತೆ, ಎಷ್ಟು ಲೋಟ ಉಳಿಯಿತು ಎಂದು ಕೇಳಿದರು. ಅಮ್ಮ, ಯಾರಿಗಾದರೂ ಕೆಮ್ಮು ಬಂತೇ, ನೆತ್ತಿಗೇರಿತೇ ಎಂದು ಕೇಳಿದಳು. ಸೂಪಕ್ಕ ಮೂಲೆಯ ಮಂಚದ ಹೆಂಗಸಿನ ವಿಷಯ ಹೇಳತೊಡಗಿದಳು. ಅವಳು ಮಗ್ಗುಲಾದದ್ದು, ಎದ್ದದ್ದು, ಲೋಟ ಹಿಡಿದದ್ದು, ಒಂದನ್ನೂ ಬಿಡದೆ. ಇಬ್ಬರೂ ಅರ್ಧದಲ್ಲಿ ಬಾಯಿ ಹಾಕದೆ ಪೂರ್ತಿ ಕೇಳಿದ್ದು ಅದೇ ಮೊದಲು.

ಮೂರು ತಿಂಗಳ ಮೇಲೆ ಇನ್ನೊಂದು ವಾರ್ಡು ಬಂತು, ವರ್ಷ ತುಂಬುವಾಗ ಮೂರನೆಯದು. ಕೆಲಸಕ್ಕೆ ಇಬ್ಬರು ಹೆಂಗಸರು ಸೇರಿದರು. ಆದರೆ ಅದೆಲ್ಲ ಆಮೇಲಿನ ಮಾತು. ಆ ದಿನ, ಕಥೆ ಹೇಳಿ ಮುಗಿಸಿದ ಮೇಲೆ, ಅತ್ತೆ ಅವಳ ಗಲ್ಲ ಹಿಡಿದು ತಿರುಗಿಸಿ ನೋಡಿದರು.

"ನೀನು ಏನಾದ್ರೂ ತಿಂದಿದ್ದೀಯೇನೇ ಬೆಳಿಗ್ಗೆಯಿಂದ?"

ತಿಂದಿರಲಿಲ್ಲ. ಅವಳನ್ನು ಬೆಂಚಿನ ಮೇಲೆ ಕೂರಿಸಿದರು. ಅತ್ತೆ ಎರಡು ತುಂಡು ಬ್ರೆಡ್ಡು ಹೊಂಬಣ್ಣಕ್ಕೆ ಸುಟ್ಟರು. ಅಮ್ಮ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಬಿಸಿ ಮಾಡಿ, ಆರುವವರೆಗೆ ಲೋಟದಿಂದ ಲೋಟಕ್ಕೆ ಎತ್ತಿ ಸುರಿದಳು. ಅವಳು ತಿನ್ನುವಾಗ ಇಬ್ಬರೂ ಎದುರು ಬೆಂಚಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕುಳಿತು, ಪ್ರತಿ ತುತ್ತನ್ನೂ ನೋಡಿದರು.